ಸುಂಕದಕಟ್ಟೆಯಲ್ಲಿ ಕಡಲು

ರಾತ್ರಿ ಎರಡಕ್ಕೆ ಲಾರಿ ಸುರಿದು ಹೋದ ಎಂ-ಸ್ಯಾಂಡು
ಅರ್ಧ ರಸ್ತೆ ನುಂಗಿ ಮಲಗಿದೆ.
ಎಂಟಕ್ಕೆ ಮೇಸ್ತ್ರಿ ಬರುತ್ತಾನೆ.
ಅಷ್ಟರೊಳಗೆ ನನಗೊಂದು ಸಮುದ್ರ ಬೇಕು.

ಮುನಿಕೃಷ್ಣ ಮುಂಗಡ ಕೊಟ್ಟದ್ದು ಎರಡೂವರೆ ಸಾವಿರ.
‘ಎಲ್ಲರೂ ಹಾಕಿಸ್ತಾರೆ ಸರ್ ಕಾರ್ಡಲ್ಲಿ,
ಬೀಚು, ಬೆಳಿಗ್ಗೆ ಬೆಳಿಗ್ಗೆ.
ಗಾರ್ಮೆಂಟ್ಸಲ್ಲಿ ರಜ ಕೊಡೋದು ಮದುವೆಗೆ,
ಫೋಟೋಗಲ್ಲ.’
ಜಯಶೀಲ ಏನೂ ಹೇಳಲಿಲ್ಲ.
ಚಪ್ಪಲಿ ಬಿಚ್ಚಿ, ಜೋಡಿಸಿಟ್ಟು,
ಗುಡ್ಡೆಯ ಅಂಚಿಗೆ ಒಂದು ಕಾಲಿಟ್ಟಳು,
ಪರರ ಮನೆಯ ಮಡಿಸದ ಹಾಸಿಗೆಯ ಮೇಲೆ
ಕೂರು ಎಂದಾಗ ಕೂರುವವಳ ಹಾಗೆ.

ಇದು ಮರಳೂ ಅಲ್ಲ, ನಿಜ ಹೇಳಬೇಕೆಂದರೆ.
ಮಾಗಡಿ ಕಡೆಯ ಯಾವುದೋ ಬಂಡೆ
ಕ್ರಷರಿನ ಬಾಯಿಗೆ ಬಿದ್ದು ನುಚ್ಚಾಗಿ ಬಂದದ್ದು.
ಕೆದಕಿದರೆ ಚಿಪ್ಪು ಸಿಗುವುದಿಲ್ಲ,
ಬೀಡಿ ತುಂಡು ಸಿಗುತ್ತದೆ.
ಬಣ್ಣವೋ, ಆರಿದ ಒಲೆಯದು.
ಆದರೆ ಈ ಓಣಿಗೆ ಬಿಸಿಲು ಓರೆಯಾಗಿ ಇಳಿಯುವ
ಹನ್ನೊಂದು ನಿಮಿಷ ಇದೆಯಲ್ಲ
(ಮೂರು ದಿನ ಬಂದು ನಿಂತು ಎಣಿಸಿದ್ದೇನೆ)
ಆಗ ಬೂದಿಗೂ ಬೆಲ್ಲದ ಬಣ್ಣ ಬರುತ್ತದೆ.

ನೀರಿಗೆ, ಸಿಮೆಂಟು ಮೂಟೆ ಹೊದ್ದಿದ್ದ ನೀಲಿ ಟಾರ್ಪಾಲು.
ನೊರೆಗೆ, ಸೆಂಟ್ರಿಂಗ್ ಕೆಲಸದ ಯಂಕಮ್ಮನ ಬಕೀಟು,
ಎರಡು ರೂಪಾಯಿಯ ಸೋಪಿನ ಪುಡಿ.
ಅವಳ ಮಕ್ಕಳಿಬ್ಬರು ಎರಡು ತುದಿ ಹಿಡಿದು
ಅಲೆ ಬಡಿಯುತ್ತಾರೆ.
‘ಮೆಲ್ಲಗೆ, ಲೋ, ಮೆಲ್ಲಗೆ!
ಮದುವೆ ಕಾರ್ಡಿಗೆ ಸುನಾಮಿ ಬೇಡ.’

ಹೊಟ್ಟೆಯ ಮೇಲೆ ಮಲಗಿದೆ.
ಕಣ್ಣು ನೆಲಕ್ಕಿಳಿದಷ್ಟೂ ಗುಡ್ಡೆ ತೀರವಾಗುತ್ತದೆ.
ಎದುರು ಮನೆಯ ಸಿಂಟೆಕ್ಸು ಚೌಕಟ್ಟಿನಾಚೆ,
ಟ್ರಾನ್ಸ್‌ಫಾರ್ಮರು ಆಚೆ,
ಹಾಲಿನ ಆಟೋ ಆಚೆ.
ಇಬ್ಬರನ್ನೂ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದೆ.
ಹಿಂದೆ ನೀಲಿ, ನೀಲಿಯ ಮೇಲೆ ಕೆಂಪು,
ಥೇಟು ಕ್ಯಾಲೆಂಡರು.

‘ಅದ್ ತಪ್ಪ್.’
ಕಟ್ಟಡದ ಮೆಟ್ಟಿಲ ಮೇಲೆ, ಲೋಟ ಹಿಡಿದು, ವಾಚ್‌ಮನ್ ಸೂರಣ್ಣ.
ಗಂಗೊಳ್ಳಿಯವ. ಬೋಟು ಬಿಟ್ಟು ಒಂಬತ್ತು ವರ್ಷ.
‘ನಮ್ ಕಡ್ಲಂಗೆ ಹೊತ್ತ್ ಮೂಡುದಿಲ್ಲ ಮಾರಾಯ,
ಮುಳ್ಗುದ್.
ಬೆಳಿಗ್ಗೆ ಬೆಳ್ಕ್ ಬಪ್ಪುದ್ ಗುಡ್ಡಿ ಬದಿಯಿಂದ,
ನೀರ್ ಕಡೆ ಬೆನ್ನ್ ಹಾಕಿ ನಿಂತವ್ರ ಮುಖಕ್ಕೆ.’
ಟೀ ಹೀರಿದ. ಮತ್ತೇನೂ ಹೇಳಲಿಲ್ಲ.

ಇಪ್ಪತ್ತಾರು ವರ್ಷದ ಸ್ಟುಡಿಯೋ ನನ್ನದು.
ಯಾರೂ ಇದನ್ನು ಹೇಳಿರಲಿಲ್ಲ.
ಉಳಿದದ್ದು ಐದೋ ಆರೋ ನಿಮಿಷ.
ಸಮುದ್ರವನ್ನು ಎತ್ತಿಕೊಂಡು
ಮಕ್ಕಳು ಪಡುವಣಕ್ಕೆ ಓಡಿದರು,
ದಾರಿಯುದ್ದಕ್ಕೂ ನೊರೆ.

ಈಗ ಬಿಸಿಲು ನೇರ ಮುಖಕ್ಕೆ.
ಜಯಶೀಲಳ ಕಣ್ಣು ಸಣ್ಣಗಾಯಿತು.
ಕೆನ್ನೆಯ ಮೇಲೊಂದು ನೂಲಿನ ಎಳೆ,
ನಿನ್ನೆಯ ಶಿಫ್ಟಿನದು, ಹಸಿರು.
ಅದನ್ನು ತೆಗೆಯಲು ಮುನಿಕೃಷ್ಣ ಬೆರಳು ಚಾಚಿದ,
ಮುಟ್ಟಲೋ ಬೇಡವೋ ಎಂದು ತಡೆದ.
ಅಲ್ಲಿ ಒತ್ತಿದೆ.

ಕಾರ್ಡಿಗೆ ಹೋದದ್ದು ಅದೇ.
ಬೀದಿನಾಯಿಯ ಬಾಲ ಮೂಲೆಯಲ್ಲಿತ್ತು, ಅಳಿಸಲಿಲ್ಲ.

ಪ್ರಿಂಟು ತೋರಿಸಲು ಹೋದಾಗ
ಸೂರಣ್ಣ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.
ನಗುತ್ತಾನೆ ಅಂದುಕೊಂಡಿದ್ದೆ.
‘ಇವ್ರಿಬ್ರೂ ಇಲ್ದಿದ್ದ್ ಒಂದ್ ಇತ್ತಾ?’ ಅಂದ.
ಇತ್ತು. ನಲವತ್ತೊಂದನೆಯದು,
ಗಾಳಿಗೆ ಟಾರ್ಪಾಲು ಹಾರಿ ಅರ್ಧ ಕೆಟ್ಟದ್ದು.
ಕೊಟ್ಟೆ. ದುಡ್ಡು ಕೇಳಲಿಲ್ಲ.

ಆ ತೀರ ಅವತ್ತೇ ಒಂಬತ್ತಕ್ಕೆ
ಬಾಂಡಲಿ ಬಾಂಡಲಿಯಾಗಿ ಮೇಲೇರಿತು.
ಮೂರನೇ ಮಹಡಿಯ ಯಾವುದೋ ಬಚ್ಚಲ ಗೋಡೆಯಲ್ಲಿದೆ ಈಗ,
ಟೈಲ್ಸಿನ ಹಿಂದೆ.
ಮೊನ್ನೆ ಬೇರೆ ಮದುವೆ, ಬೇರೆ ಛತ್ರ.
ಫೋಕಸಿಗೆಂದು ಲೆನ್ಸಿನ ಉಂಗುರ ತಿರುಗಿಸಿದೆ,
ಕರಕರ ಅಂದಿತು.